ದೊಡ್ಡಪ್ಪ, ಆ ನೋಟಿಸ್ ಯಾವ ಭಾಷೆಯಲ್ಲಿದೆ?

ದೊಡ್ಡಪ್ಪ, ನಿಮ್ಮ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ನನ್ನದು ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ತಂಡ ದಿನಸಿ ಕಿಟ್ ಕೊಡುತ್ತೇವೆ ಅಂತ ನೋಟಿಸ್ ಅಂಟಿಸಿ ಎರಡು ವಾರ ಆಯ್ತು, ಹೊರಗಿನಿಂದ ಕೆಲಸಕ್ಕೆ ಬಂದವರು ಒಬ್ಬರೂ ಬರಲಿಲ್ಲ, ಅವರಿಗೆ ಬೇಕಾಗಿಲ್ಲವೇನೋ ಅಂದಿರಿ. ಅದು ಕೇಳಿ ನನಗೆ ಸುಮ್ನೆ ಇರೋಕೆ ಆಗಲಿಲ್ಲ. ಆ ನೋಟಿಸ್ ನಮ್ಮ ಭಾಷೆಯಲ್ಲಿ ಮಾತ್ರ ಇದೆ, ಅಲ್ವಾ?

ನಾನೂ ಕೆಲವು ತಿಂಗಳು ಇಂಥದೇ ಒಂದು ಕಡೆ ಕೂತು ಫಾರಂ ತುಂಬಿಸಿದ್ದೇನೆ. ಒಂದು ದಿನ ಒಬ್ಬ ತಾಯಿ ಎಂಟೊಂಬತ್ತು ವರ್ಷದ ಮಗಳ ಜೊತೆ ಬಂದರು. ನಮ್ಮ ಮಾತು ಬರುತ್ತಿದ್ದುದು ಮಗುವಿಗೆ ಮಾತ್ರ. ‘ಮನೆಯಲ್ಲಿ ದುಡಿಯುವವರು ಎಷ್ಟು ಜನ?’ ಅಂತ ಕೇಳಿದೆ. ಮಗು ಅಮ್ಮನ ಕಡೆ ತಿರುಗಿ ಕೇಳಿತು. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಏನೋ ಅಂದರು. ಮಗು ನನ್ನ ಮುಖ ನೋಡದೆ, ಮೇಜಿನ ಅಂಚು ಉಗುರಲ್ಲಿ ಕೆರೆಯುತ್ತಾ, ‘ಈಗ ಯಾರೂ ಇಲ್ಲ’ ಅಂದಿತು. ಅಪ್ಪನ ಕೆಲಸ ಹೋಗಿದ್ದು ಆ ಮಗುವಿಗೆ ನನ್ನ ಫಾರಂನಿಂದ ಗೊತ್ತಾಯಿತು ಅನಿಸುತ್ತೆ. ಮುಂದಿನ ವಾರ ಅವರು ಬರಲೇ ಇಲ್ಲ. ಹಸಿವು ತೀರಿತ್ತು ಅಂತ ನಾನು ನಂಬಲ್ಲ.

ದಿನಸಿ ಕೈಗೆ ಸಿಕ್ಕ ಮೇಲೂ ಈ ಭಾಷೆಯ ತೊಂದರೆ ಮುಗಿಯುವುದಿಲ್ಲ. 1971ರಲ್ಲಿ ಇರಾಕ್ ದೇಶ ಬಿತ್ತನೆಗೆ ಅಂತ ಹೊರಗಿನಿಂದ ಗೋಧಿ, ಬಾರ್ಲಿ ತರಿಸಿತ್ತು. ಬೂಷ್ಟು ಹಿಡಿಯದಿರಲಿ ಅಂತ ಪಾದರಸದ ಔಷಧಿ ಹಚ್ಚಿದ ಬೀಜ. ಚೀಲದ ಮೇಲೆ ಎಚ್ಚರಿಕೆ ಬರೆದಿದ್ದರು, ಆದರೆ ಸ್ಪ್ಯಾನಿಷ್ ಮತ್ತು ಇಂಗ್ಲಿಷ್‌ನಲ್ಲಿ. ತಲೆಬುರುಡೆಯ ಚಿತ್ರ ನೋಡಿಯೂ ಹಳ್ಳಿಯವರಿಗೆ ಅರ್ಥ ಆಗಲಿಲ್ಲ. ಬೀಜ ತಲುಪುವಷ್ಟರಲ್ಲಿ ಎಷ್ಟೋ ಕಡೆ ಬಿತ್ತನೆ ಮುಗಿದಿತ್ತು. ಕೆಂಪು ಬಣ್ಣ ತೊಳೆದರೆ ವಿಷವೂ ಹೋಗುತ್ತೆ ಅಂದುಕೊಂಡು ರೊಟ್ಟಿ ಮಾಡಿ ತಿಂದವರಿದ್ದರು. ಆಸ್ಪತ್ರೆ ಸೇರಿದವರೇ 6,530 ಜನ. ಅವರಲ್ಲಿ 459 ಜನ ಸತ್ತರು. ಇದನ್ನು ಓದಿದಾಗಿನಿಂದ ಪ್ಯಾಕೆಟ್ ಮೇಲಿನ ಬರಹವನ್ನು ನಾನು ಹಗುರವಾಗಿ ನೋಡಿಲ್ಲ.

ನಿಮ್ಮ ಕಿಟ್‌ನಲ್ಲಿ ಅಂಥದ್ದೇನಿಲ್ಲ, ಗೊತ್ತು. ಆದರೆ ಶೇಂಗಾ ಮೈಗೆ ಆಗದ ಮಗು ಆ ಮನೆಯಲ್ಲಿದ್ದರೆ? ‘ಬೆಸ್ಟ್ ಬಿಫೋರ್’ ಅಂದರೆ ರುಚಿ, ಗುಣಮಟ್ಟದ ಮಾತು, ‘ಯೂಸ್ ಬೈ’ ಅಂದರೆ ಆ ದಿನ ದಾಟಿದರೆ ತಿನ್ನಲೇಬಾರದು. ಓದು ಬಂದವರೇ ಇದರಲ್ಲಿ ಎಡವುತ್ತೇವೆ. ಯುರೋಪಿಯನ್ ಒಕ್ಕೂಟದ 2011ರ ನಿಯಮದಲ್ಲಿ, ಎಲ್ಲಿ ಮಾರುತ್ತಾರೋ ಅಲ್ಲಿನ ಜನಕ್ಕೆ ಸುಲಭವಾಗಿ ಅರ್ಥವಾಗುವ ಭಾಷೆಯಲ್ಲೇ ಈ ವಿವರ ಇರಬೇಕು ಅಂತಿದೆ. ನಾವು ಪುಕ್ಕಟೆ ಕೊಡುತ್ತೇವೆ ಅಂತ ಅದನ್ನು ಬಿಡುವುದು ಸರಿಯಲ್ಲ.

ಇನ್ನೊಂದು, ನೋಟಿಸ್‌ನಲ್ಲಿರುವ ‘ಬಡ ಫಲಾನುಭವಿಗಳು’ ಅನ್ನೋದನ್ನು ದಯವಿಟ್ಟು ತೆಗೆಸಿ. ಅಮೆರಿಕದಲ್ಲಿ ಬಡವರಿಗೆ ಊಟದ ಸಾಮಾನು ಕೊಳ್ಳಲು ಸರ್ಕಾರ ಕೊಡುವ ನೆರವಿನ ‘ಫುಡ್ ಸ್ಟ್ಯಾಂಪ್’ ಅನ್ನುವ ಹೆಸರಿಗೆ ಅವಮಾನ ಅಂಟಿಕೊಂಡಿದೆ ಅಂತಲೂ 2008ರಲ್ಲಿ ಹೆಸರು ಬದಲಿಸಿದರು. ‘ಯಾರು ಬೇಕಾದರೂ ಬನ್ನಿ’ ಅಂದರೆ ಸಾಕು.

ಭಾನುವಾರ ನಾನು ಬರುತ್ತೇನೆ. ಅಷ್ಟರಲ್ಲಿ ಅವರಲ್ಲೇ ಇಬ್ಬರು ದೊಡ್ಡವರನ್ನು ಮಾತಾಡಿಸಿಡಿ, ಮಕ್ಕಳನ್ನಲ್ಲ. ಅವರ ಮಾತಲ್ಲೇ ಒಂದು ವಾಯ್ಸ್ ಮೆಸೇಜ್ ಮಾಡಿಸೋಣ. ಓದು ಬರದವರಿಗೂ ತಲುಪುತ್ತೆ. ಫಾರಂ ಫೋಟೋ ಇವತ್ತೇ ಕಳಿಸಿ, ಯಾವ ಪ್ರಶ್ನೆ ಬಿಡಬಹುದು ನೋಡುತ್ತೇನೆ.