ಪದಚರ್ಚೆ: ಹಡಗಿನ ‘ಫೈರ್‌ಮನ್’, ‘ಟ್ರಿಮ್ಮರ್’, ‘ಲಸ್ಕರ್’ – ಕನ್ನಡದಲ್ಲಿ ಹೇಗೆ?

ಪ್ರಶ್ನೆ: ಬ್ರಿಟನ್ನಿನ ಕಾರ್ಡಿಫ್, ಸೌತ್ ಶೀಲ್ಡ್ಸ್ ಬಂದರುಗಳಲ್ಲಿ ನೆಲೆಸಿದ ಸೊಮಾಲಿ ಹಡಗು ಕೆಲಸಗಾರರ ಬಗೆಗಿನ ಲೇಖನವೊಂದರ ಅನುವಾದ ನಡೆದಿದೆ. ಅವರ ಕೆಲಸ ‘ಫೈರ್‌ಮನ್’, ‘ಟ್ರಿಮ್ಮರ್’ ಎಂದಿದೆ. ಕರಡಿನಲ್ಲಿ ‘ಅಗ್ನಿಶಾಮಕ’, ‘ಕತ್ತರಿಸುವವ’ ಎಂದಾಗಿದೆ, ಎರಡೂ ಹೊಂದುತ್ತಿಲ್ಲ. ‘ಲಸ್ಕರ್’, ‘ಆರ್ಟಿಕಲ್ಸ್’ ಪದಗಳಿಗೂ ಏನು ಬಳಸಬಹುದು? ಬಲ್ಲವರು ತಿಳಿಸಿ.

ಉತ್ತರ 1: ‘ಅಗ್ನಿಶಾಮಕ’ ಖಂಡಿತ ಬೇಡ, ಅರ್ಥ ತಲೆಕೆಳಗಾಗುತ್ತದೆ. ಇವರು ಬೆಂಕಿ ಆರಿಸುವವರಲ್ಲ, ಬಾಯ್ಲರಿನ ಉರಿ ಕಾಯುವವರು. ಉಗಿ ರೈಲಿನ ಕಾಲದಿಂದಲೂ ‘ಫೈರ್‌ಮನ್’ ನಮಗೆ ಪರಿಚಿತ. ಅದನ್ನೇ ಉಳಿಸಿಕೊಂಡು ಮೊದಲ ಸಲ ಬಂದಲ್ಲಿ ಕೆಲಸವನ್ನು ಬಿಡಿಸಿ ಹೇಳಿ.

ಆ ಕೆಲಸ ಬರೀ ಕಲ್ಲಿದ್ದಲು ಎಸೆಯುವುದಲ್ಲ. ನಾಲ್ಕು ಗಂಟೆ ಪಾಳಿ, ಎಂಟು ಗಂಟೆ ಬಿಡುವು, ಮತ್ತೆ ಪಾಳಿ. ಇದ್ದಲನ್ನು ಕುಲುಮೆಯೊಳಗೆ ತೆಳ್ಳಗೆ, ಸಮನಾಗಿ ಹರಡಬೇಕು. ಗುಡ್ಡೆ ಬಿದ್ದರೆ ಅಡಿಯಿಂದ ಗಾಳಿ ಏರದೆ ಹೊಗೆಯಷ್ಟೇ ಬರುತ್ತದೆ. ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ತಣ್ಣನೆ ಗಾಳಿ ನುಗ್ಗಿ ಉಗಿಯ ಒತ್ತಡ ಇಳಿಯುತ್ತದೆ. ಬೂದಿ ಕರಗಿ ಕಬ್ಬಿಣದ ಸರಳುಗಳಿಗೆ ಅಂಟಿಕೊಂಡದ್ದು ‘ಕ್ಲಿಂಕರ್’. ಅದಕ್ಕೆ ನಮ್ಮ ‘ಕಿಟ್ಟ’ ಚೆನ್ನಾಗಿ ಒಪ್ಪುತ್ತದೆ. ಉದ್ದನೆಯ ಹಾರೆಯಿಂದ ಕಿಟ್ಟವನ್ನು ಎಬ್ಬಿಸಿ, ಕೆದಕುಗೋಲಿನಿಂದ ಹೊರಕ್ಕೆಳೆಯುವಾಗಲೇ ಮೈ ಸುಡುತ್ತಿದ್ದುದು.

‘ಟ್ರಿಮ್ಮರ್’ಗೂ ಕತ್ತರಿಗೂ ಸಂಬಂಧವಿಲ್ಲ. ಇಲ್ಲಿನ ‘ಟ್ರಿಮ್’ ಹಡಗಿನ ಸಮತೂಕ. ಬಂಕರಿನ, ಅಂದರೆ ಹಡಗಿನ ಇದ್ದಲು ಕೋಣೆಗಳ, ಇದ್ದಲು ಒಂದೇ ಬದಿಯಲ್ಲಿ ಖಾಲಿಯಾದರೆ ಹಡಗು ವಾಲುತ್ತದೆ. ಹಾಗಾಗದಂತೆ ಎರಡೂ ಕಡೆಯಿಂದ ತೆಗೆದು ಕುಲುಮೆಯ ಮುಂದೆ ತಂದು ಸುರಿಯುವವನು ಟ್ರಿಮ್ಮರ್. ಪ್ರಯಾಣ ಸಾಗಿದಂತೆ ಹತ್ತಿರದ ಇದ್ದಲು ಮುಗಿದು, ದೂರದಿಂದ ತಳ್ಳಿ ತರಬೇಕಾಗುತ್ತಿತ್ತು. ‘ಇದ್ದಲಾಳು’ ಎಂದರೆ ಸಾಕೆಂದು ನನ್ನ ಅಭಿಪ್ರಾಯ.

‘ಲಸ್ಕರ್’ ಎಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತ ಮತ್ತಿತರ ಏಷ್ಯಾ ಪ್ರದೇಶಗಳ ನಾವಿಕ. ಪದದ ಮೂಲ ಪಾರಸಿಯ ಲಷ್ಕರ್. ಆದರೆ ಕನ್ನಡದಲ್ಲಿ ಲಷ್ಕರ್ ಎಂದರೆ ಸೈನ್ಯ, ಮೈಸೂರಿನ ಲಷ್ಕರ್ ಮೊಹಲ್ಲಾ ನೆನಪಿಸಿಕೊಳ್ಳಿ. ಆದ್ದರಿಂದ ‘ಸ’ಕಾರವನ್ನೇ ಇಡಿ. ಆಫ್ರಿಕಾ ಮೂಲದವರೆಂದು ಸೊಮಾಲಿಗಳನ್ನು ‘ಸಿದ್ದಿ’ ಎಂದೂ ಬರೆಯಬೇಡಿ. ಯಲ್ಲಾಪುರ, ಹಳಿಯಾಳದ ಸಿದ್ದಿಯರು ಬೇರೆ, ಸೊಮಾಲಿಗಳು ಬೇರೆ.

ಉತ್ತರ 2: ಮೇಲಿನದಕ್ಕೆ ಸೇರಿಸುವುದಿಷ್ಟು. ‘ಆರ್ಟಿಕಲ್ಸ್’ ಇಲ್ಲಿ ಲೇಖನವೂ ಅಲ್ಲ, ವಿಧಿಯೂ ಅಲ್ಲ. ಸಂಬಳ, ಊಟ, ಅವಧಿಯನ್ನು ಬರೆದು ಸಹಿ ಹಾಕಿಸುತ್ತಿದ್ದ ಕರಾರುಪತ್ರ. ಲಸ್ಕರ್‌ಗಳಿಂದ ಸಹಿ ಹಾಕಿಸುತ್ತಿದ್ದ ‘ಏಷ್ಯಾಟಿಕ್ ಆರ್ಟಿಕಲ್ಸ್’ಗೆ ‘ಏಷ್ಯನ್ ಕರಾರು’ ಎನ್ನಬಹುದು. ಅದರಡಿ ಸಂಬಳ ಕಡಿಮೆ. ಬ್ರಿಟನ್ನಿನ ಬಂದರಿನಲ್ಲೇ ಸಹಿ ಹಾಕಿದರೆ ಅಲ್ಲಿನ ದರ ಸಿಗುತ್ತಿತ್ತು. ಸೊಮಾಲಿಗಳು ಕಾರ್ಡಿಫ್‌ನಲ್ಲಿ ಬೀಡುಬಿಡಲು ಇದೊಂದು ದೊಡ್ಡ ಕಾರಣ, ಅನುವಾದದಲ್ಲಿ ಅದು ಮಸುಕಾಗಬಾರದು.

‘ಬೋರ್ಡಿಂಗ್ ಹೌಸ್’ ಖಾನಾವಳಿಯಲ್ಲ. ಮುಂದಿನ ಹಡಗು ಸಿಗುವವರೆಗೆ ಸಾಲದ ಮೇಲೆ ಊಟ, ಹಾಸಿಗೆ ಎರಡನ್ನೂ ಕೊಡುತ್ತಿದ್ದ ಮನೆ ಅದು. 1919ರ ಜೂನ್ ತಿಂಗಳ ಜನಾಂಗೀಯ ಗಲಭೆಯಲ್ಲಿ ಕಾರ್ಡಿಫ್‌ನ ಮಿಲಿಸೆಂಟ್ ಬೀದಿಯಲ್ಲಿ ದಾಳಿಗೊಳಗಾದದ್ದು ಸೊಮಾಲಿಗಳ ಇಂಥದೇ ಮನೆ. ‘ಬೋರ್ಡಿಂಗ್ ಮನೆ’ ಎನ್ನಿ.

ಕೊನೆಯದಾಗಿ, ‘ಸಬ್ಜೆಕ್ಟ್’ ಮತ್ತು ‘ಪ್ರೊಟೆಕ್ಟೆಡ್ ಪರ್ಸನ್’ ಎರಡಕ್ಕೂ ‘ಪ್ರಜೆ’ ಎಂದು ಬರೆಯಬೇಡಿ. ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಏಡನ್ ಬಂದರಿನಲ್ಲಿ (ಇಂದಿನ ಯೆಮನ್) ಹುಟ್ಟಿದವನು ಬ್ರಿಟಿಷ್ ಪ್ರಜೆ. ಬ್ರಿಟಿಷರ ರಕ್ಷಣೆಯಲ್ಲಷ್ಟೇ ಇದ್ದ ಎದುರು ದಡದ ಸೊಮಾಲಿಲ್ಯಾಂಡ್‌ನಲ್ಲಿ ಹುಟ್ಟಿದವನು ‘ಬ್ರಿಟಿಷ್ ರಕ್ಷಿತ’ ಮಾತ್ರ. ಕರಿಯ ನಾವಿಕರ ಮೇಲೆ ನಿರ್ಬಂಧ ಹೇರಿದ ಬ್ರಿಟಿಷ್ ಸರ್ಕಾರದ 1925ರ ಆದೇಶ ಬಂದ ಮೇಲೆ ಕಾಗದಪತ್ರ ತೋರಿಸಲಾಗದ ಕರಿಯ ನಾವಿಕರನ್ನೆಲ್ಲ ವಿದೇಶಿಗಳೆಂದು ನೋಂದಾಯಿಸುತ್ತಿದ್ದರು. ಆಗ ಹುಟ್ಟಿದ ಊರಿನ ಪುರಾವೆಯ ಮೇಲೆಯೇ ಕೆಲಸ ನಿಂತಿತ್ತು.