ಏರ್‌ಬ್ಯಾಗ್ ಕೊಳ್ಳಲೇ, ತರಬೇತಿಗೆ ಹೋಗಲೇ? ಹಿಮಕುಸಿತ ಕಂಡವರು ಹೇಳಿ

ಪ್ರಶ್ನೆ ಕೇಳಿದವರು: ನಾವು ನಾಲ್ವರು ಮುಂದಿನ ತಿಂಗಳು ಗುರುತಿಸಿದ ಹಾದಿ ಬಿಟ್ಟು ಸ್ಕೀ ಮಾಡಲು ಹೊರಟಿದ್ದೇವೆ. ಬೀಕನ್ (ಹೂತವರ ಸಂಕೇತ ಹಿಡಿದು ಹುಡುಕುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಇವೆ. ಉಳಿದ ಹಣದಲ್ಲಿ ಏರ್‌ಬ್ಯಾಗ್ (ಹಿಡಿ ಎಳೆದರೆ ಉಬ್ಬುವ ಬೆನ್ನುಚೀಲ) ಅಥವಾ ಐದು ದಿನದ ಹಿಮಕುಸಿತ ತರಬೇತಿ, ಯಾವುದಾದರೂ ಒಂದೇ ಸಾಧ್ಯ. ಹಿಮಕುಸಿತದ ಅಪಾಯದ ಮಟ್ಟ ಹೆಚ್ಚಾಗಿ ಐದರಲ್ಲಿ 3 ಇರುತ್ತದಂತೆ. ಅನುಭವ ತಿಳಿಸಿ.

ಚೀಲ ಎಳೆದವನು: ಏರ್‌ಬ್ಯಾಗ್ ಕೊಳ್ಳಿ. ಎರಡು ದಿನ ಬೀಸಿದ ಗಾಳಿ ಶಿಖರದ ಹಿಮವನ್ನೆಲ್ಲ ಗಾಳಿಮರೆಯ ಬದಿಗೆ ತಂದು ಒಟ್ಟಿತ್ತು. 36 ಡಿಗ್ರಿಯ ಇಳಿಜಾರು. ಮೂರನೆಯ ತಿರುವಿನಲ್ಲಿ ತಲೆಯ ಮೇಲ್ಗಡೆ ಬಿರುಕು ಓಡಿತು. ಮೊದಲ ಬಾರಿ ಕೈಗವಸು ಜಾರಿ ಚೀಲದ ಹಿಡಿ ಸಿಗಲಿಲ್ಲ. ಎರಡನೆಯ ಬಾರಿ ಸಿಕ್ಕಿತು. ಹರಿಯುವ ಹಿಮದಲ್ಲಿ ದೊಡ್ಡ ಗಾತ್ರದ್ದು ಮೇಲಕ್ಕೆ ಬರುತ್ತದೆ, ನಾನೂ ಬಂದೆ. ಆದರೆ ಬಲಗಾಲು ಮರಕ್ಕೆ ಬಡಿಯಿತು. ಎರಡು ಶಸ್ತ್ರಚಿಕಿತ್ಸೆ, ಹನ್ನೊಂದು ವಾರ ಪ್ಲಾಸ್ಟರ್, ಏಳು ತಿಂಗಳು ಸಂಬಳವಿಲ್ಲ. ಇಂದಿಗೂ ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿಯುತ್ತದೆ. ಆದರೂ ಬದುಕಿದ್ದೇನೆ.

ಗುಂಡಿ ತೋಡುವವಳು: ಮರ, ಬಂಡೆ, ಕಮರಿ ಇವುಗಳಿಂದ ಚೀಲ ಕಾಯುವುದಿಲ್ಲ ಎಂಬುದನ್ನು ನಿಮ್ಮ ಕಾಲೇ ಹೇಳುತ್ತಿದೆ. ನಾನು ತರಬೇತಿಯನ್ನೇ ಆರಿಸಿಕೊಂಡೆ, ಅದರ ಬೆಲೆಯನ್ನೂ ತೆತ್ತೆ. ಆ ವರ್ಷ ಮೊದಲ ಹಿಮ ತೆಳುವಾಗಿ ಬಿದ್ದು, ಮೇಲೆ ಮೂರು ವಾರ ಮೋಡವಿಲ್ಲದ ಕೊರೆಯುವ ರಾತ್ರಿಗಳು. ನೆಲ ಬೆಚ್ಚಗೆ, ಮೇಲ್ಮೈ ಹೆಪ್ಪುಗಟ್ಟುವಷ್ಟು ತಣ್ಣಗೆ. ನಡುವೆ ಆವಿ ಏರಿ ಏರಿ ತಳದ ಹಿಮವೆಲ್ಲ ಸಕ್ಕರೆ ಹರಳಿನಂತಾಗಿತ್ತು. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸುರಿಯುತ್ತಿತ್ತು. ಪದರ ಪರೀಕ್ಷಿಸಲು ಹಿಮದಲ್ಲಿ ಗುಂಡಿ ತೋಡಿ, 30 ಸೆಂಟಿಮೀಟರ್‌ಗೆ 90 ಸೆಂಟಿಮೀಟರ್ ಹಿಮದ ಕಂಬ ಕಡಿದು, ಅದರ ಮೇಲೆ ಸಲಿಕೆ ಇಟ್ಟು ತಟ್ಟಿದೆ. ಮಣಿಕಟ್ಟಿನಿಂದ ಹತ್ತು ಏಟು ತಡೆಯಿತು. ಮೊಣಕೈಯಿಂದ ಎರಡನೆಯ ಏಟಿಗೆ ಇಡೀ ಕಂಬ ಮೇಜಿನ ಡ್ರಾಯರ್‌ನಂತೆ ಜಾರಿ ಬಂತು. ಹಿಂತಿರುಗೋಣ ಎಂದೆ. ಇಬ್ಬರು ಗೆಳತಿಯರು ಒಂದು ಚಳಿಗಾಲವಿಡೀ ಮಾತು ಬಿಟ್ಟರು, ಏಕೆಂದರೆ ಆ ಇಳಿಜಾರು ಕೊನೆಗೂ ಜಾರಲಿಲ್ಲ.

ಚೀಲ ಎಳೆದವನು: ಜಾರಲಿಲ್ಲವಲ್ಲ! ಒಂದು ಗುಂಡಿ ಹೇಳುವುದು ಒಂದು ಜಾಗದ ಕಥೆ. ಹತ್ತು ಹೆಜ್ಜೆ ಆಚೆ ಪದರವೇ ಬೇರೆ. ಚೀಲ ಉಬ್ಬಿದರೆ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಅಧ್ಯಯನವಿದೆ.

ಗುಂಡಿ ತೋಡುವವಳು: ಅದೇ ಅಧ್ಯಯನದಲ್ಲಿ ಐದರಲ್ಲಿ ಒಂದು ಚೀಲ ಉಬ್ಬಲೇ ಇಲ್ಲ, ಹೆಚ್ಚಿನವು ಹಿಡಿ ಎಳೆಯದ ಕಾರಣಕ್ಕೆ. ನಿಮ್ಮದೂ ಎರಡನೆಯ ಪ್ರಯತ್ನ. ಇನ್ನು ಗುಂಡಿ: ಕಂಬ ನಿಂತಿತೆಂದು ಯಾರೂ ಇಳಿಯುವುದಿಲ್ಲ, ಬಿದ್ದರೆ ಮಾತ್ರ ಹಿಂತಿರುಗುತ್ತೇವೆ. ಇಷ್ಟು ತಿಳಿಯದವರು ಸಲಹೆ ಕೊಡಬಾರದು.

ಸಲಿಕೆ ಮುರಿದವನು: ನೀವಿಬ್ಬರೂ ನಿಲ್ಲಿಸಿ. ‘ಬೀಕನ್ ಇದೆ’ ಎಂದು ಅವರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ, ನನಗೆ ಅದೇ ಭಯ. ನನ್ನ ಗೆಳೆಯ ಹೂತುಹೋದಾಗ ನನ್ನ ಎದೆಯ ಜೇಬಿನಲ್ಲಿ ಮೊಬೈಲ್ ಚಾಲೂ ಇತ್ತು. ಬೀಕನ್ ತೋರಿದ ದೂರ 18, 31, 12 ಎಂದು ಕುಣಿಯಿತು. ಮೊಬೈಲ್ ಎಸೆದ ಮೇಲೆ ದಾರಿ ಸಿಕ್ಕಿತು. ನಾಲ್ಕು ನಿಮಿಷ ಹೋಗಿತ್ತು. ಪ್ರೋಬ್ ಒಂದೂಕಾಲು ಮೀಟರ್ ಆಳದಲ್ಲಿ ತಾಕಿತು. ಕುಸಿದು ನಿಂತ ಹಿಮ ಕಾಂಕ್ರೀಟಿನಂತೆ ಬಿಗಿಯುತ್ತದೆ. ಪ್ಲಾಸ್ಟಿಕ್ ಸಲಿಕೆ ಆರನೆಯ ಪೆಟ್ಟಿಗೇ ಸೀಳಿತು. ಉಳಿದದ್ದನ್ನು ಸ್ಕೀಯಿಂದ, ಕೈಯಿಂದ ಅಗೆದೆ. ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆಗೆ ಮೂರರಲ್ಲಿ ಒಬ್ಬರು. ನನಗೆ ಹತ್ತೊಂಬತ್ತು ನಿಮಿಷ ಹಿಡಿಯಿತು. ತುಟಿ ನೀಲಿಯಾಗಿತ್ತು, ಆದರೂ ಉಸಿರಿತ್ತು. ಹನ್ನೆರಡು ದಿನ ಆಸ್ಪತ್ರೆ. ಆಮೇಲೆ ಅವನು ನನ್ನ ಕರೆ ಎತ್ತಿಲ್ಲ. ಆ ಇಳಿಜಾರು ಆರಿಸಿದವನು ನಾನು.

ಬೆಳಗಿನ ಜಾವದವರು: ಮಟ್ಟ 3 ಎಂಬುದನ್ನು ಯಾರೂ ಮುಟ್ಟಲಿಲ್ಲವಲ್ಲ. ಐದರಲ್ಲಿ ಮೂರು ಎಂದರೆ ನಡುಮಟ್ಟ ಎಂದುಕೊಂಡು ನಾನೂ ಹೋಗಿದ್ದೆ. ಯುರೋಪಿನಲ್ಲಿ ಅತಿ ಹೆಚ್ಚು ಸಾವು ಆಗುವುದು ಇದೇ ಮಟ್ಟದಲ್ಲಿ. 4 ಎಂದರೆ ಜನ ಮನೆಯಲ್ಲಿರುತ್ತಾರೆ, 3ಕ್ಕೆ ಧೈರ್ಯ ಬರುತ್ತದೆ. ನಡೆಯುತ್ತಿದ್ದಂತೆ ಕಾಲಡಿ ‘ಧುಂ’ ಎಂದು ನೆಲ ಒಂದು ಬೆರಳಷ್ಟು ಕುಸಿದ ಸದ್ದು ಬಂತು. ನಾವಿದ್ದದ್ದು ಚಪ್ಪಟೆ ಬಯಲು, ಜಾರಿದ್ದು ಮೇಲಿನ ಇಳಿಜಾರು. ಅಂದಿನಿಂದ ನಸುಕಿಗೆ ಹೊರಟು ಬಿಸಿಲೇರುವ ಮುನ್ನ ಇಳಿಯುತ್ತೇನೆ.

ಗುಂಡಿ ತೋಡುವವಳು: ನಸುಕಿನ ನಿಯಮ ವಸಂತದ ಒದ್ದೆ ಹಿಮಕ್ಕೆ. ತಳದ ಸಕ್ಕರೆ ಹಿಮ ಗಡಿಯಾರ ನೋಡುವುದಿಲ್ಲ. ಹೊಸಬರನ್ನು ದಾರಿ ತಪ್ಪಿಸಬೇಡಿ.

ಬೆಳಗಿನ ಜಾವದವರು: ನಾನು ಹೇಳಿದ್ದು ನನ್ನ ಅಭ್ಯಾಸ. ನಿಮ್ಮ ಪಾಠ ಬೇಕಿಲ್ಲ.

ಸಲಿಕೆ ಮುರಿದವನು: ಚೀಲ ಎಳೆದವರಿಗೆ ಒಂದು ಪ್ರಶ್ನೆ. 36 ಡಿಗ್ರಿ ಎಂದಿರಿ. ಇಳಿಯುವ ಮುನ್ನ ಅಳೆದಿದ್ದಿರಾ?

ಚೀಲ ಎಳೆದವನು: ಇಲ್ಲ. ಆಸ್ಪತ್ರೆಯಲ್ಲಿ ಮಲಗಿ ನಕ್ಷೆಯ ರೇಖೆ ಎಣಿಸಿದ್ದು. 30 ದಾಟಿದರೆ ಅಪಾಯವೆಂಬುದು ಅಂದೂ ಗೊತ್ತಿತ್ತು.