ಓಡ್ತಿರುವ ಪ್ರೋಗ್ರಾಂ ನಿಜಕ್ಕೂ ಎಷ್ಟು ಮೆಮೊರಿ ತಿಂತಿದೆ? ಲಿನಕ್ಸ್‌ನ ಟಾಪ್ ಕಮಾಂಡ್ ಒಂದು ಹೇಳುತ್ತೆ, ಫ್ರೀ ಕಮಾಂಡ್ ಇನ್ನೊಂದು

ಮಳೆಲೆಕ್ಕ (ಸೋಮವಾರಪೇಟೆ):
ತೋಟದ ಮಳೆಮಾಪಕಗಳಿಂದ ಇಂಚು-ಸೆಂಟ್ ಲೆಕ್ಕ ತಗೊಳ್ಳೋ ಪೈಥಾನ್ ಪ್ರೋಗ್ರಾಂ, 1 ಜಿಬಿಯ ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರಲ್ಲಿ ಓಡ್ತಿದೆ. ಹಳೇ ದಾಖಲೆಯನ್ನೆಲ್ಲ ಮೊದಲೇ ಲೋಡ್ ಮಾಡಿ, ಆಮೇಲೆ ನಾಲ್ಕು ವರ್ಕರ್ ಫೋರ್ಕ್ ಆಗುತ್ತವೆ, ಅಂದ್ರೆ ತಾಯಿ ಪ್ರೊಸೆಸ್‌ನ ನಕಲಾಗಿ ಹುಟ್ಟುತ್ತವೆ. ಟಾಪ್‌ನಲ್ಲಿ ಒಂದೊಂದಕ್ಕೂ ವರ್ಚುವಲ್ 610 ಎಂಬಿ, ರೆಸಿಡೆಂಟ್ 180 ಎಂಬಿ. ತಾಯಿ ಪ್ರೊಸೆಸ್ ಸೇರಿ ಐದಕ್ಕೆ 900 ಆಗಬೇಕು. ಆದ್ರೆ ಫ್ರೀ ಕೊಟ್ರೆ ಅವೈಲಬಲ್ 480 ಅನ್ನುತ್ತೆ. ಯಾವುದನ್ನು ನಂಬೋದು? ಒಂದೆರಡು ದಿನ ಓಡಿದ ಮೇಲೆ ಒಂದು ವರ್ಕರ್ ಸದ್ದಿಲ್ಲದೆ ಸಾಯುತ್ತೆ ಬೇರೆ.

ಕರ್ನಲ್‌ಕಣ (ಮಡಿಕೇರಿ):
ವರ್ಚುವಲ್ ಮರೆತುಬಿಡಿ, ಅದು ಕಾದಿರಿಸಿದ ವಿಳಾಸ ಅಷ್ಟೆ, ಮುಟ್ಟದ ಪುಟಕ್ಕೆ (ಮೆಮೊರಿಯ ಸಣ್ಣ ತುಂಡು) ರ್‍ಯಾಮ್ ಹೋಗಲ್ಲ. ರೆಸಿಡೆಂಟ್ ಸುಳ್ಳಲ್ಲ, ಆದ್ರೆ ಕೂಡೋ ಲೆಕ್ಕ ಅಲ್ಲ, ಹಂಚಿಕೊಂಡ ಪುಟವನ್ನು ಪ್ರತಿ ಪ್ರೊಸೆಸ್‌ಗೂ ಪೂರ್ತಿ ಎಣಿಸಿರುತ್ತೆ. ಐದು ತೋಟದವರು ಸೇರಿ ಒಂದು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ಕೊಂಡು, ಐವರೂ ಪೂರ್ತಿ ಬೆಲೆಯನ್ನು ತಮ್ಮ ತಮ್ಮ ಪುಸ್ತಕದಲ್ಲಿ ಬರೆದ ಹಾಗೆ.

ನಿಮಗೆ ಬೇಕಾದ್ದು ಪಿಎಸ್ಎಸ್, ಅಂದ್ರೆ ಹಂಚಿಕೆಯಲ್ಲಿ ತನ್ನ ಪಾಲನ್ನಷ್ಟೇ ಸೇರಿಸಿದ ಲೆಕ್ಕ. ಪ್ರೊಕ್ ಫೋಲ್ಡರಲ್ಲಿ ಆ ಪ್ರೊಸೆಸ್ ನಂಬರಿನೊಳಗೆ ಸ್ಮ್ಯಾಪ್ಸ್‌ ರೋಲಪ್ ಅಂತ ಫೈಲ್ ಇದೆ (ನಡುವೆ ಅಂಡರ್‌ಸ್ಕೋರ್, ಲಿನಕ್ಸ್ ಕರ್ನಲ್ 4.14ರಿಂದ ಈಚೆಗೆ). ಸೂಡೊ (ಅಡ್ಮಿನ್ ಅಧಿಕಾರ) ಹಾಕಿ ಕ್ಯಾಟ್ ಕಮಾಂಡಲ್ಲಿ ತೆರೆದು ಪಿಎಸ್ಎಸ್ ಸಾಲು ನೋಡಿ. ಹಂಚಿಕೊಂಡ ಪುಟವನ್ನು ಎಷ್ಟು ಜನ ಹಂಚಿಕೊಂಡಿದ್ದಾರೋ ಅಷ್ಟರಿಂದ ಭಾಗಿಸಿರುತ್ತೆ. ಸ್ವಂತದ್ದು 30, ಹಂಚಿದ್ದು 150 ಅಂದ್ಕೊಳ್ಳಿ: 30 + 150/5 = 60. ಐದಕ್ಕೆ 300. ಫ್ರೀ ಹೇಳಿದ್ದಕ್ಕೆ ಹೊಂದುತ್ತೆ ನೋಡಿ. ಎಲ್ಲ ಒಟ್ಟಿಗೆ ಬೇಕಾದ್ರೆ ಸ್ಮೆಮ್ ಅನ್ನೋ ಟೂಲ್ ಹಾಕ್ಕೊಳ್ಳಿ.

ಸತ್ತದ್ದಕ್ಕೆ ಡಿಮೆಸೇಜ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಸಾಲು ಹುಡುಕಿ (ಡಿಮೆಸೇಜ್ ಕರ್ನಲ್‌ನ ಸಂದೇಶ ತೋರಿಸೋ ಕಮಾಂಡ್; ಮೆಮೊರಿ ಮುಗಿದಾಗ ಕರ್ನಲ್ಲೇ ಪ್ರೊಸೆಸ್ ಕೊಂದಿದ್ರೆ ಆ ಸಾಲು ಇರುತ್ತೆ). ರೆಸಿಡೆಂಟ್ ಗರಿಷ್ಠ ಎಷ್ಟಕ್ಕೆ ಹೋಗಿತ್ತು ಅನ್ನೋದು ಅದೇ ಪ್ರೊಕ್‌ನ ಸ್ಟೇಟಸ್ ಫೈಲಿನ ವಿಎಂಎಚ್‌ಡಬ್ಲ್ಯುಎಂ ಸಾಲಲ್ಲಿರುತ್ತೆ. ಪ್ರೊಸೆಸ್ ಸತ್ತರೆ ಫೈಲೂ ಹೋಗುತ್ತೆ, ಹಾಗಾಗಿ ನಿಮಿಷಕ್ಕೊಮ್ಮೆ ಲಾಗ್‌ಗೆ ಬರೆಸಿ.

ಮಳೆಲೆಕ್ಕ:
‘ಔಟ್ ಆಫ್ ಮೆಮೊರಿ’ ಸಾಲು ಸಿಕ್ತು. ವಿಚಿತ್ರ ಅಂದ್ರೆ, ರೆಸಿಡೆಂಟ್ 180ರಲ್ಲೇ ನಿಂತಿದೆ, ಪಿಎಸ್ಎಸ್ ಮಾತ್ರ ಬೆಳಿಗ್ಗೆ 62, ಸಂಜೆಗೆ 110.

ಹಾರಂಗಿ_ಬಿಟ್ (ಕುಶಾಲನಗರ):
ವಿಚಿತ್ರ ಏನಿಲ್ಲ ಮಾರಾಯ್ರೆ, ಅದೇ ಕಾಯಿಲೆ. ಫೋರ್ಕ್ ಆದಾಗ ಪುಟಗಳು ಹಂಚಿಕೆಯಲ್ಲಿರ್ತವೆ, ಯಾರಾದ್ರೂ ಬರೆದ್ರೆ ಅವರಿಗೊಂದು ಪ್ರತಿ. ಪೈಥಾನ್ ವಸ್ತುವನ್ನು ಬರೀ ಓದಿದರೂ ಅದರ ರೆಫರೆನ್ಸ್ ಎಣಿಕೆ (ಅದನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆ ಅನ್ನೋ ಲೆಕ್ಕ) ಬದಲಾಗುತ್ತೆ, ಅಂದ್ರೆ ಬರೆದ ಹಾಗೇ. ದಿನವಿಡೀ ಪುಟಗಳು ಬೇರೆಬೇರೆ ಆಗ್ತಾ ಹೋಗಿ ಕೊನೆಗೆ ನಿಮ್ಮ 900 ನಿಜ ಆಗುತ್ತೆ. ಅದೇ ರೋಲಪ್ ಫೈಲಿನ ಪ್ರೈವೇಟ್ ಡರ್ಟಿ (ಬರೆದು ಸ್ವಂತದ್ದಾದ ಪುಟಗಳು) ಸಾಲು ಏರ್ತಿದ್ರೆ ಖಚಿತ.

ಫೋರ್ಕ್‌ಗೆ ಮುಂಚೆ, ಪೈಥಾನ್‌ನ ಕಸ ತೆಗೆಯೋ ಭಾಗ ಹಳೇ ವಸ್ತುಗಳನ್ನು ಮುಟ್ಟದ ಹಾಗೆ ಮಾಡೋ ಜಿಸಿ ಫ್ರೀಜ್ ಕರೆದ್ರೆ (ಪೈಥಾನ್ 3.7ರಿಂದ ಇದೆ) ಸ್ವಲ್ಪ ತಡೆಯುತ್ತೆ, ಪೂರ್ತಿ ಅಲ್ಲ. ದಾಖಲೆಯನ್ನು ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿಟ್ಟು ಬೇಕಾದಷ್ಟೇ ಓದೋದು ಸರಿಯಾದ ದಾರಿ. ತುರ್ತಿಗೆ, ಮಲ್ಟಿಪ್ರೊಸೆಸಿಂಗ್ ಪೂಲ್ ಬಳಸ್ತಿದ್ರೆ ಮ್ಯಾಕ್ಸ್‌ಟಾಸ್ಕ್ಸ್‌ಪರ್‌ಚೈಲ್ಡ್ 500 ಕೊಟ್ಟು ನೋಡಿ: ಅಷ್ಟು ಕೆಲಸ ಮುಗಿದ ಮೇಲೆ ಆ ವರ್ಕರ್ ಹೋಗಿ ಹೊಸದು ಬರುತ್ತೆ.

ಕರ್ನಲ್‌ಕಣ:
ಸಿಸ್ಟಂಡಿಯಲ್ಲಿ (ಪ್ರೋಗ್ರಾಂಗಳನ್ನು ಸೇವೆಯಾಗಿ ಓಡಿಸೋ ವ್ಯವಸ್ಥೆ) ಮೆಮೊರಿಮ್ಯಾಕ್ಸ್ ಮಿತಿ ಹಾಕೋದಾದ್ರೆ ಒಂದು ಎಚ್ಚರಿಕೆ. ರಾಸ್ಪ್‌ಬೆರಿ ಪೈ ಓಎಸ್‌ನ ಹಲವು ಆವೃತ್ತಿಗಳಲ್ಲಿ ಮೆಮೊರಿ ಸಿಗ್ರೂಪ್ (ಆ ಮಿತಿಯನ್ನು ಜಾರಿ ಮಾಡೋ ಕರ್ನಲ್ ಸೌಲಭ್ಯ) ಆಫ್ ಇರುತ್ತೆ. ಬೂಟ್‌ನ ಸಿಎಂಡಿಲೈನ್ ಫೈಲಿನಲ್ಲಿ ಆನ್ ಮಾಡ್ಬೇಕು. ಇರೋ ಒಂದೇ ಸಾಲಿನ ಕೊನೆಗೆ ಸ್ಪೇಸ್ ಕೊಟ್ಟು ಆ ಸೆಟ್ಟಿಂಗ್ ಸೇರಿಸಿ, ಹೊಸ ಸಾಲಿನಲ್ಲಿ ಹಾಕಿದ್ರೆ ಅದನ್ನು ಓದೋದೇ ಇಲ್ಲ.